ಗೇಮಿಂಗ್ ಮೌಸ್: ಆಯ್ಕೆ ಮತ್ತು ಹೊಂದಾಣಿಕೆ

ಗೇಮಿಂಗ್ ಮೌಸ್ ಎಂದರೆ ಕಂಪ್ಯೂಟರ್ ಆಟಗಳಿಗೆಂದೇ ರೂಪಿಸಿದ ಮೌಸ್. ಮೂಲತತ್ತ್ವದಲ್ಲಿ ಇದಕ್ಕೂ ಕಚೇರಿಯ ಮೌಸ್‌ಗೂ ಭೇದವಿಲ್ಲ; ಮೇಜಿನ ಮೇಲೆ ಕೈ ಎಷ್ಟು ಸರಿಯಿತು ಎಂಬುದನ್ನು ಎಣಿಸಿ ಕಂಪ್ಯೂಟರ್‌ಗೆ ತಿಳಿಸುವುದೇ ಎರಡರ ಕೆಲಸ. ಎಣಿಕೆಯ ನಿಖರತೆ, ಅದನ್ನು ತಿಳಿಸುವ ವೇಗ, ಕ್ಲಿಕ್‌ನ ಚುರುಕು ಮತ್ತು ಗಂಟೆಗಟ್ಟಲೆ ಹಿಡಿದರೂ ಕೈಗೆ ಒಗ್ಗುವ ಆಕಾರ, ಈ ನಾಲ್ಕರಲ್ಲಿ ಗೇಮಿಂಗ್ ಮೌಸ್ ಬೇರೆಯಾಗುತ್ತದೆ. ಇಂದು ಹೆಸರುವಾಸಿ ಕಂಪನಿಗಳ ಸಾಧಾರಣ ಬೆಲೆಯ ಮಾದರಿಗಳಲ್ಲೂ ಸೆನ್ಸಾರ್ ಚೆನ್ನಾಗಿಯೇ ಇರುತ್ತದೆ. ಹೀಗಾಗಿ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ಸಂಖ್ಯೆಗಳನ್ನು ನೋಡಿ ಆರಿಸುವುದರಿಂದ ಪ್ರಯೋಜನ ಕಡಿಮೆ. ಕೈಯ ಅಳತೆ, ಹಿಡಿಯುವ ರೀತಿ, ಆಡುವ ಆಟ, ಕೆಳಗಿನ ಮೌಸ್‌ಪ್ಯಾಡ್ ಮತ್ತು ಒಮ್ಮೆ ಸರಿಯಾಗಿ ಹೊಂದಿಸಿ ಬದಲಾಯಿಸದೆ ಉಳಿಸಿಕೊಂಡ ಸೆಟ್ಟಿಂಗ್, ಗುರಿ ಕೂಡಿಬರುವುದು ಇವುಗಳಿಂದ.

ಇತಿಹಾಸ

ಮೌಸ್‌ನ ಮೊದಲ ಮಾದರಿ ಹುಟ್ಟಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ. ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಗೆ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ರೂಪ ಕೊಟ್ಟರು: ಮರದ ಕವಚ, ಅದರಡಿ ಒಂದಕ್ಕೊಂದು ಅಡ್ಡಲಾಗಿ ನಿಂತ ಎರಡು ಚಕ್ರಗಳು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಮುಂದೆ ಚಕ್ರಗಳ ಜಾಗಕ್ಕೆ ರಬ್ಬರ್ ಹೊದಿಸಿದ ಚೆಂಡು ಬಂತು. ಚೆಂಡಿನ ಜೊತೆ ಧೂಳೂ ಒಳಗೆ ಹೋಗಿ ಉರುಳೆಗಳಿಗೆ ಮೆತ್ತಿಕೊಳ್ಳುತ್ತಿತ್ತು. ಆಗ ಪಾಯಿಂಟರ್ ತಡವರಿಸುತ್ತಿತ್ತು. ನಮ್ಮೂರುಗಳ ಹಳೆಯ ಸೈಬರ್ ಕೆಫೆಗಳಲ್ಲಿ ಕುಳಿತವರಿಗೆಲ್ಲ ಈ ಕಾಟ ಗೊತ್ತು.

ಮೌಸ್ ಆಟದ ಮುಖ್ಯ ಸಾಧನವಾದದ್ದು 1990ರ ದಶಕದಲ್ಲಿ. 1994ರ ಮ್ಯಾರಥಾನ್ ಆಟದಲ್ಲಿ ಮೌಸ್‌ನಿಂದಲೇ ಸುತ್ತಮುತ್ತ ನೋಡಲು, ಗುರಿಯಿಡಲು ಅವಕಾಶವಿತ್ತು. 1996ರಲ್ಲಿ ಇಡ್ ಸಾಫ್ಟ್‌ವೇರ್ ಹೊರತಂದ ಕ್ವೇಕ್ ಆಟ ಸ್ಪರ್ಧೆಯ ಕಣವಾಯಿತು. ಮರುವರ್ಷ ಥ್ರೆಶ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಡೆನಿಸ್ ಫಾಂಗ್ ಅಲ್ಲಿನ ದೊಡ್ಡ ಪಂದ್ಯವೊಂದನ್ನು ಗೆದ್ದು, ಆಟದ ರೂವಾರಿ ಜಾನ್ ಕಾರ್ಮ್ಯಾಕ್ ಅವರ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದರು. ಎಡಗೈ ಡಬ್ಲ್ಯೂ, ಎ, ಎಸ್, ಡಿ ಕೀಲಿಗಳ ಮೇಲೆ, ಬಲಗೈ ಮೌಸ್ ಮೇಲೆ ಎಂಬ ಕ್ರಮ ಜನಪ್ರಿಯವಾಗಲು ಅವರ ಆಟವೂ ಕಾರಣ.

1999 ಎರಡು ಕಾರಣಕ್ಕೆ ಮುಖ್ಯ ವರ್ಷ. ಆಟಗಾರರಿಗೆಂದೇ ಮಾಡಿದ ರೇಜರ್ ಬೂಮ್‌ಸ್ಲ್ಯಾಂಗ್ ಮಾರುಕಟ್ಟೆಗೆ ಬಂದದ್ದು ಆಗ. ಅದರಲ್ಲಿದ್ದದ್ದು ಇನ್ನೂ ಚೆಂಡೇ. ಅದೇ ವರ್ಷ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಚೆಂಡಿಲ್ಲದ ಎಲ್‌ಇಡಿ ಬೆಳಕಿನ ಸೆನ್ಸಾರನ್ನು ಮನೆಮನೆಗೆ ತಂದಿತು. 2004ರಲ್ಲಿ ಲಾಜಿಟೆಕ್ ಎಂಎಕ್ಸ್1000 ಲೇಸರ್ ಬಳಸಿತು. ಲೇಸರ್ ಹೆಚ್ಚು ಬಗೆಯ ಮೇಲ್ಮೈಗಳ ಮೇಲೆ ಕೆಲಸ ಮಾಡಿತಾದರೂ ಹಲವು ಲೇಸರ್ ಮೌಸ್‌ಗಳು ಬಟ್ಟೆಯ ಪ್ಯಾಡ್ ಮೇಲೆ ಕೈಯ ವೇಗಕ್ಕೆ ತಕ್ಕಂತೆ ಎಣಿಕೆ ಬದಲಿಸುತ್ತಿದ್ದವು. ಹೀಗಾಗಿ ಸ್ಪರ್ಧಿಗಳು ಎಲ್‌ಇಡಿ ಸೆನ್ಸಾರ್‌ಗಳಿಗೇ ಮರಳಿದರು. 2018ರಲ್ಲಿ ಬಂದ 80 ಗ್ರಾಂ ತೂಕದ ಲಾಜಿಟೆಕ್ ಜಿ ಪ್ರೋ ವೈರ್‌ಲೆಸ್, ತಂತಿಯಿಲ್ಲದ ಮೌಸ್ ನಿಧಾನ ಎಂಬ ನಂಬಿಕೆಯನ್ನು ಅಳಿಸಿತು. 2020ರ ಕೊನೆಯಲ್ಲಿ ಅದೇ ಸಾಲಿನ ಸೂಪರ್‌ಲೈಟ್ ಮಾದರಿಯ ತೂಕ 63 ಗ್ರಾಂಗಿಂತ ಕೆಳಗಿಳಿಯಿತು.

ಕೆಲಸ ಮಾಡುವ ಬಗೆ

ಮೌಸ್‌ನ ಹೊಟ್ಟೆಯಡಿ ಇರುವುದು ಒಂದು ಪುಟ್ಟ ಕ್ಯಾಮೆರಾ. ಎಲ್‌ಇಡಿ ಬೆಳಕು ಓರೆಯಾಗಿ ಬಿದ್ದಾಗ ಪ್ಯಾಡ್‌ನ ನೂಲಿನ ಏರುತಗ್ಗುಗಳು ನೆರಳು ಬೆಳಕಿನ ವಿನ್ಯಾಸವಾಗಿ ಕಾಣುತ್ತವೆ. ಕ್ಯಾಮೆರಾ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುತ್ತದೆ. ಸೆನ್ಸಾರ್ ಚಿಪ್ ಒಂದು ಚಿತ್ರವನ್ನು ಹಿಂದಿನ ಚಿತ್ರದೊಡನೆ ಹೋಲಿಸಿ, ವಿನ್ಯಾಸ ಯಾವ ಕಡೆಗೆ ಎಷ್ಟು ಜರುಗಿದೆ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕವೇ ಎಣಿಕೆಗಳಾಗಿ ಕಂಪ್ಯೂಟರ್ ಸೇರುತ್ತದೆ.

ಮೌಸ್ ಒಂದು ಅಂಗುಲ ಸರಿದಾಗ ಎಷ್ಟು ಎಣಿಕೆ ಕಳಿಸುತ್ತದೆ ಎಂಬುದೇ ಡಿಪಿಐ. 800 ಡಿಪಿಐ ಇಟ್ಟಾಗ ಒಂದು ಅಂಗುಲಕ್ಕೆ 800 ಎಣಿಕೆ. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಒಂದು ಎಣಿಕೆಗೆ ಒಂದು ಪಿಕ್ಸೆಲ್‌ನಂತೆ ಪಾಯಿಂಟರ್ ಚಲಿಸಿದರೆ, ಎಡತುದಿಯಿಂದ ಬಲತುದಿ ಮುಟ್ಟಲು ಕೈ 2.4 ಅಂಗುಲ, ಅಂದರೆ ಸುಮಾರು 6 ಸೆಂ.ಮೀ. ಸರಿಯಬೇಕು. ಡಿಪಿಐಯನ್ನು 16,000ಕ್ಕೆ ಏರಿಸಿದರೆ ಅದೇ ದೂರಕ್ಕೆ ಕೈ ಸರಿಯಬೇಕಾದದ್ದು 3 ಮಿ.ಮೀ. ಮಾತ್ರ. ಅಷ್ಟು ಸಣ್ಣ ಅಳತೆಯಲ್ಲಿ ಮನುಷ್ಯನ ಕೈ ಹಿಡಿತ ಸಾಧಿಸಲಾರದು. 25,000, 30,000 ಎಂದು ಜಾಹೀರಾತಿನಲ್ಲಿ ಕಾಣುವ ಸಂಖ್ಯೆಗಳು ಚಿಪ್‌ನ ಸಾಮರ್ಥ್ಯದ ಮೇಲ್ಮಿತಿ ಅಷ್ಟೇ. ಗುರಿಯ ಗುಣಮಟ್ಟಕ್ಕೂ ಅವಕ್ಕೂ ಸಂಬಂಧವಿಲ್ಲ.

ಸೆನ್ಸಾರ್ ಬಗ್ಗೆ ನೋಡಬೇಕಾದದ್ದು, ಕೈ ಜೋರಾಗಿ ಬೀಸಿದಾಗಲೂ ಅದು ಲೆಕ್ಕ ತಪ್ಪುವುದಿಲ್ಲವೇ ಎಂಬುದನ್ನು. ಪಿಕ್ಸ್‌ಆರ್ಟ್ ಕಂಪನಿಯ ಹೆಸರಾಂತ 3360 ಸೆನ್ಸಾರ್ ಸೆಕೆಂಡಿಗೆ 250 ಅಂಗುಲ, ಅಂದರೆ 6.35 ಮೀಟರ್ ವೇಗದವರೆಗೆ ಚಲನೆ ಹಿಡಿಯಬಲ್ಲುದು. ಆಟದಲ್ಲಿ ಕೈ ಬೀಸುವ ವೇಗಕ್ಕೆ ಇದು ಧಾರಾಳ. ಅನಂತರದ ಚಿಪ್‌ಗಳು ಇನ್ನೂ ಮುಂದೆ ಹೋಗಿವೆ.

ಮೌಸ್ ಸೆಕೆಂಡಿಗೆ ಎಷ್ಟು ಸಲ ವರದಿ ಕಳಿಸುತ್ತದೆ ಎಂಬುದು ಪೋಲಿಂಗ್ ರೇಟ್. ಸಾಮಾನ್ಯ ಮೌಸ್‌ನಲ್ಲಿ ಇದು 125 ಹರ್ಟ್ಜ್, ಎಂದರೆ 8 ಮಿಲಿಸೆಕೆಂಡಿಗೊಂದು ವರದಿ. ಗೇಮಿಂಗ್ ಮೌಸ್‌ನಲ್ಲಿ 1000 ಹರ್ಟ್ಜ್, ಅಂದರೆ ಮಿಲಿಸೆಕೆಂಡಿಗೊಂದು. ಕೆಲವು ಹೊಸ ಮಾದರಿಗಳಲ್ಲಿ 8000 ಹರ್ಟ್ಜ್ ಇದೆ. ಅಲ್ಲಿ ವರದಿಗಳ ಅಂತರ 0.125 ಮಿಲಿಸೆಕೆಂಡ್. ಮೊದಲ ಏರಿಕೆಯಲ್ಲಿ ಉಳಿಯುವುದು 7 ಮಿಲಿಸೆಕೆಂಡ್, ಎರಡನೆಯದರಲ್ಲಿ ಒಂದಕ್ಕಿಂತ ಕಡಿಮೆ. 144 ಹರ್ಟ್ಜ್ ಮಾನಿಟರ್‌ನಲ್ಲಿ ಒಂದು ಚಿತ್ರ ಬದಲಾಗಲು ಹತ್ತಿರ ಹತ್ತಿರ 7 ಮಿಲಿಸೆಕೆಂಡ್ ಬೇಕು. ಆದ್ದರಿಂದ ಹೆಚ್ಚಿನವರಿಗೆ 1000 ಹರ್ಟ್ಜ್ ಸಾಕು. ಅದಕ್ಕೂ ಮೇಲೆ ಹೋದರೆ ಪ್ರೊಸೆಸರ್ ಮೇಲಿನ ಹೊರೆ ಹೆಚ್ಚುತ್ತದೆ, ವೈರ್‌ಲೆಸ್ ಮೌಸ್‌ನಲ್ಲಿ ಬ್ಯಾಟರಿ ಬೇಗ ಮುಗಿಯುತ್ತದೆ.

ಆಕಾರ, ಅಳತೆ ಮತ್ತು ಹಿಡಿತ

ಆಯ್ಕೆಯಲ್ಲಿ ಮೊದಲ ಸ್ಥಾನ ಆಕಾರಕ್ಕೆ. ಉಳಿದ ಕೊರತೆಗಳನ್ನು ಸೆಟ್ಟಿಂಗ್‌ನಿಂದ, ಬಿಡಿಭಾಗದಿಂದ ತುಂಬಬಹುದು. ಕೈಗೆ ಒಗ್ಗದ ಆಕಾರವನ್ನು ಯಾವ ತಂತ್ರಾಂಶವೂ ತಿದ್ದಲಾರದು.

ಕೈಯ ಅಳತೆ ತೆಗೆಯುವುದು ಸುಲಭ. ಬೆರಳುಗಳನ್ನು ಕೂಡಿಸಿ ಅಂಗೈಯನ್ನು ಚಪ್ಪಟೆಯಾಗಿ ಇಟ್ಟು, ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗಿನ ಉದ್ದವನ್ನೂ ಬೆರಳುಗಳ ಬುಡದಲ್ಲಿ ಅಂಗೈಯ ಅಗಲವನ್ನೂ ಸ್ಕೇಲ್‌ನಿಂದ ಅಳೆಯಬೇಕು. ಮೌಸ್‌ನ ಉದ್ದ ಕೈಯುದ್ದದ ಸುಮಾರು ಶೇ. 60ರಷ್ಟಿರಲಿ ಎಂಬುದು ಆಟಗಾರರಲ್ಲಿ ಬಳಕೆಯಲ್ಲಿರುವ ಅಂದಾಜು. 18 ಸೆಂ.ಮೀ. ಕೈಗೆ ಇದು ಸುಮಾರು 11 ಸೆಂ.ಮೀ. ಆಗುತ್ತದೆ. ಹಿಡಿಯುವ ರೀತಿಗೆ ತಕ್ಕಂತೆ ಈ ಲೆಕ್ಕ ಒಂದೆರಡು ಸೆಂ.ಮೀ. ಆಚೀಚೆ ಆಗಬಹುದು.

ಹಿಡಿತದಲ್ಲಿ ಮೂರು ಬಗೆ. ಪಾಮ್ ಗ್ರಿಪ್‌ನಲ್ಲಿ ಇಡೀ ಅಂಗೈ ಮೌಸ್ ಮೇಲೆ ಒರಗಿರುತ್ತದೆ, ಬೆರಳುಗಳು ನೇರವಾಗಿ ಚಾಚಿರುತ್ತವೆ. ಇದಕ್ಕೆ ಉದ್ದನೆಯ, ಬೆನ್ನು ಉಬ್ಬಿದ ಮೌಸ್ ಹೊಂದುತ್ತದೆ. 2006ರಿಂದ ಬರುತ್ತಿರುವ ರೇಜರ್ ಡೆತ್‌ಆಡರ್ ಈ ಜಾತಿಯದು. ಕ್ಲಾ ಗ್ರಿಪ್‌ನಲ್ಲಿ ಅಂಗೈಯ ಹಿಂಭಾಗ ಮಾತ್ರ ಮೌಸ್‌ಗೆ ತಾಗಿ, ಬೆರಳುಗಳು ಕಮಾನಿನಂತೆ ಬಾಗಿ ತುದಿಯಿಂದ ಗುಂಡಿ ಒತ್ತುತ್ತವೆ. ಇವರಿಗೆ ಹಿಂಭಾಗದಲ್ಲಿ ಉಬ್ಬಿರುವ ಮಧ್ಯಮ ಗಾತ್ರ ಅನುಕೂಲ. ಫಿಂಗರ್‌ಟಿಪ್ ಗ್ರಿಪ್‌ನಲ್ಲಿ ಅಂಗೈ ತಾಗುವುದೇ ಇಲ್ಲ. ಬೆರಳ ತುದಿಗಳೇ ಮೌಸ್ ಹಿಡಿದು ಆಡಿಸುತ್ತವೆ. ಅದಕ್ಕೆ ಸಣ್ಣ, ತಗ್ಗಾದ, ಹಗುರ ಮೌಸ್ ಬೇಕು. ತಮ್ಮ ಹಿಡಿತ ಯಾವುದೆಂದು ತಿಳಿಯಲು, ಆಟದ ಬಿಸಿ ಏರಿದಾಗ ಕೈ ತಾನಾಗಿ ಹೇಗೆ ಕೂರುತ್ತದೆ ಎಂದು ಗಮನಿಸಬೇಕು. ಸುಮ್ಮನೆ ಕುಳಿತಾಗಿನ ಹಿಡಿತವೇ ಬೇರೆ, ಎದುರಾಳಿ ಕಂಡಾಗಿನದೇ ಬೇರೆ.

ಆಕಾರದಲ್ಲಿ ಎರಡು ಕುಲ: ಎರಡೂ ಬದಿ ಸಮನಾಗಿರುವುದು ಮತ್ತು ಬಲಗೈಗೆಂದೇ ಓರೆಯಾಗಿ ಬಾಗಿದ್ದು. ಎಡಗೈ ಆಟಗಾರರಿಗೆ ಹೆಚ್ಚಾಗಿ ಮೊದಲ ಕುಲವೇ ದಾರಿ. ಅದರಲ್ಲೂ ಪಕ್ಕದ ಗುಂಡಿಗಳು ಯಾವ ಬದಿಯಲ್ಲಿವೆ ಎಂದು ನೋಡಿಯೇ ಕೊಳ್ಳಬೇಕು. ಆಟಗಾರರ ಕೈಯಿಂದಲೇ ರೂಪುಗೊಂಡ ಆಕಾರಗಳೂ ಇವೆ: ಝೋವಿ ಕಂಪನಿಯ ಇಸಿ ಸಾಲಿನ ಹೆಸರು, ಹೀಟನ್ ಎಂದು ಪ್ರಸಿದ್ಧರಾದ ಸ್ವೀಡನ್ನಿನ ಕೌಂಟರ್-ಸ್ಟ್ರೈಕ್ ಆಟಗಾರ ಎಮಿಲ್ ಕ್ರಿಸ್ಟೆನ್‌ಸನ್ ಅವರ ಹೆಸರಿನ ಮೊದಲಕ್ಷರಗಳು.

ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನೋಡಲು ಸಿಕ್ಕರೆ ಒಳ್ಳೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಂಪ್ಯೂಟರ್ ಪೇಟೆಯಲ್ಲಿ ಡಬ್ಬಿಯಿಂದ ಹೊರಗಿಟ್ಟ ಮೌಸ್ ಸಿಕ್ಕಾಗ ನಾಲ್ಕು ಪರೀಕ್ಷೆ ಮಾಡಬಹುದು. ಹೆಬ್ಬೆರಳು ಮತ್ತು ಉಂಗುರ ಬೆರಳಿನಿಂದ ಮೌಸನ್ನು ಎತ್ತಿದಾಗ ಜಾರಬಾರದು. ಹಿಡಿತ ಬದಲಿಸದೆ ಹೆಬ್ಬೆರಳಿಗೆ ಪಕ್ಕದ ಎರಡೂ ಗುಂಡಿಗಳು ಸಿಗಬೇಕು. ಕಿರುಬೆರಳು ಮೇಜಿಗೆ ಉಜ್ಜಬಾರದು. ಸ್ಕ್ರಾಲ್ ವೀಲ್ ಒತ್ತುವಾಗ ಅದು ತಿರುಗಿಬಿಡಬಾರದು. ಆನ್‌ಲೈನ್‌ನಲ್ಲಿ ಕೊಳ್ಳುವವರು ಈಗ ಕೈಯಲ್ಲಿರುವ ಮೌಸ್‌ನ ಉದ್ದ, ನಡುವಿನ ಅಗಲ, ಎತ್ತರ ಅಳೆದುಕೊಂಡು ಹೊಸದರ ಅಳತೆಯೊಡನೆ ತಾಳೆ ನೋಡಬೇಕು.

ತೂಕ ಮತ್ತು ತಂತಿ

ಹಗುರ ಮೌಸನ್ನು ಹೊರಡಿಸುವುದೂ ನಿಲ್ಲಿಸುವುದೂ ಸುಲಭ. ದೀರ್ಘ ಆಟದಲ್ಲಿ ಮಣಿಕಟ್ಟಿಗೆ ದಣಿವು ಕಡಿಮೆ. 2014ರ ಲಾಜಿಟೆಕ್ ಜಿ502 ತಂತಿ ಬಿಟ್ಟೇ 121 ಗ್ರಾಂ ಇತ್ತು, ಹೆಚ್ಚು ಭಾರ ಬೇಕಾದವರಿಗೆ ತೂಕದ ಬಿಲ್ಲೆಗಳನ್ನೂ ಕೊಡುತ್ತಿತ್ತು. ಈಗ ಶೂಟರ್ ಆಟಗಳ ಮೌಸ್‌ಗಳು ಹೆಚ್ಚಾಗಿ 50ರಿಂದ 80 ಗ್ರಾಂ ನಡುವೆ ಬರುತ್ತವೆ. ಹಾಗೆಂದು ಅತಿ ಹಗುರವೇ ಎಲ್ಲರಿಗೂ ಒಳ್ಳೆಯದೆಂದಲ್ಲ. ಸ್ವಲ್ಪ ಭಾರವಿದ್ದರೆ ಕೈಯ ಸಣ್ಣ ನಡುಕ ಪರದೆಗೆ ಬರುವುದಿಲ್ಲ ಎನ್ನುವ ಆಟಗಾರರೂ ಇದ್ದಾರೆ.

ವೈರ್‌ಲೆಸ್‌ನಲ್ಲಿ ಡಾಂಗಲ್ ಮೂಲಕ 2.4 ಗಿಗಾಹರ್ಟ್ಜ್ ರೇಡಿಯೋ ಬಳಸುವ ಮಾದರಿಯನ್ನೇ ಆರಿಸಬೇಕು. ಬ್ಲೂಟೂತ್ ಕಚೇರಿ ಕೆಲಸಕ್ಕೆ ಸರಿ. ಅದರ ವರದಿಯ ವೇಗ ಆಟಕ್ಕೆ ಸಾಲದು. ಡಾಂಗಲ್ ಎಲ್ಲಿದೆ ಎಂಬುದೂ ಮುಖ್ಯ. ಯುಎಸ್‌ಬಿ 3.0 ಪೋರ್ಟ್‌ಗಳು ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಜ್ ಪಟ್ಟಿಯಲ್ಲೇ ಬೀಳುತ್ತದೆ. ಕ್ಯಾಬಿನೆಟ್‌ನ ಹಿಂಬದಿಯಲ್ಲಿ, ಹಾರ್ಡ್ ಡಿಸ್ಕ್ ಕೇಬಲ್‌ನ ಪಕ್ಕದಲ್ಲಿ ಸಿಕ್ಕಿಸಿದ ಡಾಂಗಲ್‌ನಿಂದ ಪಾಯಿಂಟರ್ ಜಿಗಿದರೆ ಕಾರಣ ಇದಿರಬಹುದು. ಜೊತೆಗೆ ಕೊಟ್ಟ ಎಕ್ಸ್‌ಟೆನ್ಷನ್ ಕೇಬಲ್‌ನಿಂದ ಅದನ್ನು ಮೇಜಿನ ಮೇಲೆ, ಪ್ಯಾಡ್‌ನ ಹತ್ತಿರ ತಂದಿಟ್ಟರೆ ತೊಂದರೆ ನೀಗುತ್ತದೆ. ತಂತಿಯ ಮೌಸ್ ಅಗ್ಗ, ಚಾರ್ಜಿಂಗ್ ಚಿಂತೆಯಿಲ್ಲ. ತಂತಿ ಮೆದುವಾಗಿದ್ದು, ಮೇಜಿನ ಅಂಚಿಗೆ ಉಜ್ಜದಂತೆ ಬಂಜಿ ಎಂಬ ಪುಟ್ಟ ಕಂಬದಿಂದ ಎತ್ತಿ ಹಿಡಿದರೆ ಎಳೆತ ಅಷ್ಟಾಗಿ ತಿಳಿಯುವುದಿಲ್ಲ.

ಗುಂಡಿ ಮತ್ತು ಸ್ವಿಚ್

ಗುಂಡಿಯಡಿಯ ಸಾಂಪ್ರದಾಯಿಕ ಸ್ವಿಚ್‌ನಲ್ಲಿ ಲೋಹದ ತೆಳು ಪಟ್ಟಿಯೊಂದು ಒತ್ತಿದಾಗ ಟಕ್ಕನೆ ಬಾಗಿ ಇನ್ನೊಂದು ಲೋಹಕ್ಕೆ ತಾಗುತ್ತದೆ. ತಾಗುವ ಕ್ಷಣದಲ್ಲಿ ಅದು ಕೆಲವು ಸಲ ಪುಟಿಯುತ್ತದೆ. ಆ ಪುಟಿತವನ್ನು ಬೇರೆ ಬೇರೆ ಕ್ಲಿಕ್ ಎಂದು ಎಣಿಸದಿರಲು ಮೌಸ್ ಕೆಲವು ಮಿಲಿಸೆಕೆಂಡ್ ಕಾಯುತ್ತದೆ; ಈ ಕಾಯುವಿಕೆಯೇ ಡಿಬೌನ್ಸ್. ವರ್ಷಗಳು ಕಳೆದಂತೆ ಲೋಹ ಸವೆದು, ಮಾಸಿ, ಪುಟಿತ ಹೆಚ್ಚಾದಾಗ ಒಂದು ಕ್ಲಿಕ್ ಎರಡಾಗುತ್ತದೆ. ಡಬಲ್ ಕ್ಲಿಕ್ ದೋಷ ಎನ್ನುವುದು ಇದನ್ನೇ. ಆಪ್ಟಿಕಲ್ ಸ್ವಿಚ್‌ನಲ್ಲಿ ಕ್ಲಿಕ್ಕನ್ನು ಗುರುತಿಸುವುದು ಬೆಳಕಿನ ಕಿರಣ. ಲೋಹದ ಸ್ಪರ್ಶಕ್ಕೆ ಅಲ್ಲಿ ಪಾತ್ರವಿಲ್ಲದ ಕಾರಣ ಈ ದೋಷ ಹುಟ್ಟುವುದಿಲ್ಲ, ಕಾಯುವ ಅಗತ್ಯವೂ ಇಲ್ಲ.

ಗುಂಡಿಗಳ ಸಂಖ್ಯೆ ಆಟಕ್ಕೆ ಬಿಟ್ಟದ್ದು. ಕೌಂಟರ್-ಸ್ಟ್ರೈಕ್ 2, ವ್ಯಾಲರಂಟ್‌ನಂಥ ಶೂಟರ್‌ಗಳಿಗೆ ಎರಡು ಮುಖ್ಯ ಗುಂಡಿ, ವೀಲ್, ಪಕ್ಕದಲ್ಲಿ ಎರಡು ಗುಂಡಿ ಸಾಕು. ಅಲ್ಲಿ ಹಗುರತನಕ್ಕೆ ಬೆಲೆ. ಡೋಟಾ 2, ಲೀಗ್ ಆಫ್ ಲೆಜೆಂಡ್ಸ್‌ನಂಥವುಗಳಲ್ಲಿ ಎಡೆಬಿಡದೆ ಕ್ಲಿಕ್ ಮಾಡಬೇಕಾದ್ದರಿಂದ ಮೆದುವಾದ, ಗಟ್ಟಿಮುಟ್ಟಾದ ಸ್ವಿಚ್ ಮುಖ್ಯ. ಹತ್ತಾರು ಮಂತ್ರ, ಅಸ್ತ್ರಗಳಿರುವ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಂಥ ಆಟಗಳಿಗೆ, ಹೆಬ್ಬೆರಳಿನ ಕಡೆ ಸಾಲು ಗುಂಡಿಗಳಿರುವ ರೇಜರ್ ನಾಗದಂಥ ಮೌಸ್ ಉಪಯುಕ್ತ. ಬಂದೂಕಿನ ಒದೆತವನ್ನು ತಾನೇ ಸರಿದೂಗಿಸುವ ಮ್ಯಾಕ್ರೋಗಳನ್ನು ಗುಂಡಿಗೆ ಜೋಡಿಸುವುದು ಮೋಸ. ಎದುರಾಳಿಗೆ ಮಾಡುವ ಅನ್ಯಾಯ ಒಂದು ಕಡೆಯಾದರೆ, ಖಾತೆಯೇ ನಿಷೇಧಕ್ಕೊಳಗಾಗುವ ಅಪಾಯ ಇನ್ನೊಂದು ಕಡೆ.

ಮೌಸ್‌ಪ್ಯಾಡ್

ಎಷ್ಟೇ ಒಳ್ಳೆಯ ಸೆನ್ಸಾರ್ ಆದರೂ ಅದು ಓದುವುದು ತನ್ನಡಿಯ ಮೇಲ್ಮೈಯನ್ನು. ಬಟ್ಟೆಯ ಪ್ಯಾಡ್‌ಗಳಲ್ಲಿ ಒರಟು ನೇಯ್ಗೆಯವು ಮೌಸನ್ನು ಬೇಗ ನಿಲ್ಲಿಸಲು ನೆರವಾಗುತ್ತವೆ, ನಯವಾದವು ಓಟಕ್ಕೆ. ಪ್ಲಾಸ್ಟಿಕ್ ಮತ್ತು ಗಾಜಿನ ಪ್ಯಾಡ್ ಮೇಲೆ ಮೌಸ್ ತೇಲಿದಂತೆ ಓಡುತ್ತದೆ, ಆದರೆ ನಿಲ್ಲಿಸುವ ಭಾರವೆಲ್ಲ ಬೆರಳ ಮೇಲೆ. ಗಾಜಿನ ಮೇಲೆ ಹಳೆಯ ಸೆನ್ಸಾರ್‌ಗಳು ಕೆಲಸ ಮಾಡದಿರಬಹುದು. ತೋಳು ಬೀಸಿ ಆಡುವವರಿಗೆ ಕಡೇಪಕ್ಷ 45 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಪ್ಯಾಡ್ ಬೇಕು. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಬಟ್ಟೆಯ ಪ್ಯಾಡ್ ಗಾಳಿಯ ತೇವ ಮತ್ತು ಬೆವರು ಹೀರಿ ಮಂದವಾಗುತ್ತದೆ. ಅಲ್ಲಿನವರು ಪ್ಯಾಡನ್ನು ಆಗಾಗ ತೊಳೆದು ಒಣಗಿಸುವುದು, ಇಲ್ಲವೇ ತೇವ ಹೀರದ ಗಟ್ಟಿ ಪ್ಯಾಡ್ ಬಳಸುವುದು ಲೇಸು.

ಹೊಂದಿಸುವ ಕ್ರಮ

ಮೊದಲು ಡಿಪಿಐ. 800 ಅಥವಾ 1600 ಇಟ್ಟುಕೊಂಡು, ಮೇಲಿರುವ ಡಿಪಿಐ ಗುಂಡಿ ಕೈತಪ್ಪಿ ಒತ್ತಿದರೂ ಬದಲಾಗದಂತೆ ಉಳಿದ ಹಂತಗಳನ್ನು ತೆಗೆದುಹಾಕಬೇಕು. ಪೋಲಿಂಗ್ ರೇಟ್ 1000 ಇರಲಿ. ಆ್ಯಂಗಲ್ ಸ್ನ್ಯಾಪಿಂಗ್ ಎಂಬ ಆಯ್ಕೆ ಕೈಯ ಓರೆ ಚಲನೆಯನ್ನು ನೇರ ಗೆರೆಯಾಗಿ ತಿದ್ದುತ್ತದೆ; ಗುರಿಯಿಡುವ ಆಟದಲ್ಲಿ ಅದನ್ನು ಆಫ್ ಮಾಡಿಡಬೇಕು. ಮೌಸನ್ನು ಎಷ್ಟು ಎತ್ತಿದರೆ ಸೆನ್ಸಾರ್ ಓದುವುದನ್ನು ನಿಲ್ಲಿಸುತ್ತದೆ ಎಂಬುದು ಲಿಫ್ಟ್-ಆಫ್ ಡಿಸ್ಟೆನ್ಸ್. ಎತ್ತಿ ಮತ್ತೆ ಇಡುವಾಗ ಗುರಿ ಅಲುಗದಂತೆ ಅದು 1 ಮಿ.ಮೀ. ಆಸುಪಾಸಿನಲ್ಲಿದ್ದರೆ ಚೆನ್ನ. ಈ ಎಲ್ಲವನ್ನೂ ಮೌಸ್‌ನ ಒಳ ಮೆಮೊರಿಯಲ್ಲಿ ಉಳಿಸಿದರೆ ಬೇರೆ ಕಂಪ್ಯೂಟರ್‌ನಲ್ಲೂ ಹಾಗೇ ಸಿಗುತ್ತವೆ.

ಎರಡನೆಯದು ವಿಂಡೋಸ್. ಮೌಸ್ ಸೆಟ್ಟಿಂಗ್‌ಗಳ ಪಾಯಿಂಟರ್ ಆಪ್ಷನ್ಸ್ ಪುಟದಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಎಂಬ ಆಯ್ಕೆಯ ಟಿಕ್ ತೆಗೆಯಬೇಕು. ಅದು ಚಾಲೂ ಇದ್ದಾಗ ಕೈ ವೇಗವಾಗಿ ಸರಿದರೆ ಪಾಯಿಂಟರ್ ಹೆಚ್ಚು ದೂರ, ನಿಧಾನವಾಗಿ ಸರಿದರೆ ಕಡಿಮೆ ದೂರ ಹೋಗುತ್ತದೆ. ಒಂದೇ ಅಳತೆಯ ಚಲನೆಗೆ ಬೇರೆ ಬೇರೆ ಫಲ ಬಂದರೆ ಕೈಗೆ ಅಭ್ಯಾಸ ಕೂಡುವುದಿಲ್ಲ. ವೇಗದ ಸ್ಲೈಡರ್ 11 ಹಂತಗಳ ಮಧ್ಯದ ಆರನೆಯದರಲ್ಲಿರಲಿ. ಲಿನಕ್ಸ್‌ನಲ್ಲಿ ಇದೇ ಫಲಕ್ಕೆ ಫ್ಲ್ಯಾಟ್ ಪ್ರೊಫೈಲ್ ಆರಿಸಬೇಕು. ಆಟದೊಳಗೆ ರಾ ಇನ್‌ಪುಟ್ ಆಯ್ಕೆಯಿದ್ದರೆ ಅದನ್ನು ಹಾಕಿದಾಗ ಆಟ ವಿಂಡೋಸ್‌ನ ತಿದ್ದುಪಡಿಗಳನ್ನು ಬಿಟ್ಟು ಮೌಸ್‌ನ ಎಣಿಕೆಯನ್ನೇ ನೇರವಾಗಿ ಓದುತ್ತದೆ.

ಮೂರನೆಯದು ಆಟದೊಳಗಿನ ಸೆನ್ಸಿಟಿವಿಟಿ. ಇದನ್ನು ಅಳೆಯುವ ಭರವಸೆಯ ದಾರಿ, ಆಟದಲ್ಲಿ ಪೂರ್ತಿ ಒಂದು ಸುತ್ತು ತಿರುಗಲು ಮೌಸ್ ಎಷ್ಟು ಸೆಂ.ಮೀ. ಸರಿಯಬೇಕು ಎಂದು ನೋಡುವುದು. ಕೌಂಟರ್-ಸ್ಟ್ರೈಕ್‌ನಲ್ಲಿ ಸೆನ್ಸಿಟಿವಿಟಿ 1 ಇದ್ದಾಗ ಒಂದು ಎಣಿಕೆಗೆ ನೋಟ 0.022 ಡಿಗ್ರಿ ತಿರುಗುತ್ತದೆ. 360 ಡಿಗ್ರಿಗೆ 16,364 ಎಣಿಕೆ ಬೇಕು. 800 ಡಿಪಿಐಯಲ್ಲಿ ಅದು 20.45 ಅಂಗುಲ, ಸುಮಾರು 52 ಸೆಂ.ಮೀ. ವ್ಯಾಲರಂಟ್‌ನಲ್ಲಿ ಒಂದು ಎಣಿಕೆಗೆ 0.07 ಡಿಗ್ರಿ. ಅಲ್ಲಿ ಇದೇ 52 ಸೆಂ.ಮೀ. ಬೇಕಾದರೆ ಸೆನ್ಸಿಟಿವಿಟಿ 0.314 ಇಡಬೇಕು. ಹೀಗೆ ಆಟ ಬದಲಾದರೂ ಕೈಯ ಅಳತೆ ಬದಲಾಗದು. ಲೆಕ್ಕ ಬೇಡವೆನ್ನುವವರು ಪ್ಯಾಡ್‌ನ ಅಂಚಿಗೆ ಟೇಪ್ ಇಟ್ಟು, ಆಟದ ಗೋಡೆಯ ಮೇಲಿನ ಒಂದು ಗುರುತಿನಿಂದ ಹೊರಟು ಮತ್ತೆ ಅದೇ ಗುರುತಿಗೆ ಬರುವವರೆಗೆ ಮೌಸ್ ಸರಿಸಿ ಅಳೆಯಬಹುದು.

ಗುರಿಗೆ ಪ್ರಾಧಾನ್ಯವಿರುವ ಶೂಟರ್‌ಗಳಲ್ಲಿ ಅನೇಕ ಪಳಗಿದ ಆಟಗಾರರು 30ರಿಂದ 60 ಸೆಂ.ಮೀ. ನಡುವೆ ಇರುತ್ತಾರೆ. ವೇಗದ ಓಟ, ಹಠಾತ್ ತಿರುವುಗಳ ಆಟಗಳಲ್ಲಿ ಇದು ಕಡಿಮೆ. ಗುರಿ ಪದೇ ಪದೇ ಎದುರಾಳಿಯನ್ನು ದಾಟಿ ಮುಂದೆ ಹೋದರೆ ಸೆನ್ಸಿಟಿವಿಟಿ ಸ್ವಲ್ಪ ಇಳಿಸಬೇಕು. ಮುಟ್ಟದೆ ಹಿಂದೆಯೇ ನಿಂತರೆ ಸ್ವಲ್ಪ ಏರಿಸಬೇಕು. ಒಂದು ಪಂದ್ಯ ಸೋತ ಸಿಟ್ಟಿನಲ್ಲಿ ಬದಲಿಸಬಾರದು. ಕೈ ಕಲಿಯುವುದು ಪುನರಾವರ್ತನೆಯಿಂದ; ಅಳತೆ ದಿನಕ್ಕೊಂದಾದರೆ ಕಲಿಕೆಯೂ ದಿನಕ್ಕೊಂದು ಸಲ ಮೊದಲಿನಿಂದ ಶುರುವಾಗುತ್ತದೆ.

ಕೈಯ ಆರೋಗ್ಯ ಮತ್ತು ಮೌಸ್‌ನ ಆರೈಕೆ

ಮೊಣಕೈ ಮೇಜಿನ ಮಟ್ಟಕ್ಕಿರಬೇಕು, ಮಣಿಕಟ್ಟು ಮೇಲಕ್ಕೂ ಪಕ್ಕಕ್ಕೂ ಮುರಿದಂತಿರದೆ ತೋಳಿನ ನೇರಕ್ಕಿರಬೇಕು. ಮೇಜಿನ ಚೂಪಾದ ಅಂಚು ಮಣಿಕಟ್ಟನ್ನು ಒತ್ತಬಾರದು. ಪಂದ್ಯಗಳ ನಡುವೆ ಎದ್ದು ಕೈ ಬಿಡಿಸಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುವುದು, ರಾತ್ರಿ ಚುಚ್ಚಿದಂತಾಗುವುದು ಮಣಿಕಟ್ಟಿನ ನರ ಒತ್ತಡಕ್ಕೆ ಸಿಕ್ಕ ಲಕ್ಷಣವಿರಬಹುದು. ಅದನ್ನು ಸಹಿಸಿಕೊಂಡು ಆಡದೆ ವೈದ್ಯರನ್ನು ಕಾಣಬೇಕು.

ಸೆನ್ಸಾರ್ ಕಿಂಡಿಯಲ್ಲಿ ಕೂತ ಕೂದಲೆಳೆಯೊಂದು ಪಾಯಿಂಟರನ್ನು ನಡುಗಿಸಬಲ್ಲುದು. ಮೊದಲು ಗಾಳಿ ಊದಿ ತೆಗೆಯಬೇಕು. ಬಟ್ಟೆಯ ಪ್ಯಾಡನ್ನು ಮೆದು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಮೌಸ್‌ನ ಅಡಿಯಲ್ಲಿರುವ ಜಾರುಪಟ್ಟಿಗಳು, ಅಂದರೆ ಆಟಗಾರರು ಸ್ಕೇಟ್ಸ್ ಎನ್ನುವ ಪಿಟಿಎಫ್‌ಇ ತುಂಡುಗಳು, ಸವೆದರೆ ಬಿಡಿಯಾಗಿ ಸಿಗುತ್ತವೆ. ಡಬಲ್ ಕ್ಲಿಕ್ ಕಾಣಿಸಿದ ಕೂಡಲೇ ವಾರಂಟಿ ನೋಡಬೇಕು. ಅವಧಿ ಮುಗಿದಿದ್ದರೆ ಬೆಸುಗೆ ಬಲ್ಲವರು ಸ್ವಿಚ್ ಮಾತ್ರ ಬದಲಿಸಿಕೊಡುತ್ತಾರೆ.

ಖರ್ಚಿನ ಕ್ರಮ

ಹಣ ಮಿತವಾಗಿದ್ದಾಗ ಕ್ರಮ ಹೀಗಿರಲಿ: ಮೊದಲು ಕೈಗೆ ಹೊಂದುವ ಆಕಾರ ಮತ್ತು ನಂಬಿಕಸ್ತ ಸೆನ್ಸಾರ್ ಇರುವ ತಂತಿಯ ಮೌಸ್, ಆಮೇಲೆ ಸಾಕಷ್ಟು ದೊಡ್ಡ ಬಟ್ಟೆಯ ಪ್ಯಾಡ್. ಇನ್ನೂ ಹಣ ಉಳಿದರೆ ವೈರ್‌ಲೆಸ್, ಅನಂತರ ಕಡಿಮೆ ತೂಕ. 8000 ಹರ್ಟ್ಜ್, ಬಣ್ಣದ ದೀಪಗಳು ಕಟ್ಟಕಡೆಗೆ. ವಿಂಡೋಸ್‌ನ ಒಂದು ಟಿಕ್ ತೆಗೆಯುವುದಕ್ಕೂ ಸೆನ್ಸಿಟಿವಿಟಿ ಅಳೆದು ಬರೆದಿಟ್ಟುಕೊಳ್ಳುವುದಕ್ಕೂ ಖರ್ಚಿಲ್ಲ. ಹೊಸ ಮೌಸ್ ಕೊಳ್ಳಲು ಹೊರಡುವ ಮುನ್ನ ಈಗಿರುವುದನ್ನೇ ಈ ಕ್ರಮದಲ್ಲಿ ಹೊಂದಿಸಿ ಕೆಲವು ವಾರ ಆಡಿ ನೋಡುವುದು ಒಳ್ಳೆಯದು. ಕೊರತೆ ಎಲ್ಲಿದೆ ಎಂಬುದು ಆಗ ಸ್ಪಷ್ಟವಾಗುತ್ತದೆ, ಕೊಳ್ಳುವ ಮೌಸ್ ಆ ಕೊರತೆಯನ್ನೇ ತುಂಬುವಂತೆ ಆರಿಸಲು ಸಾಧ್ಯವಾಗುತ್ತದೆ.